ಕಪಾಟಿನಲ್ಲಿರುವ ಡಿವಿಡಿಗಳಿಗೆ ಯಾವ ಪ್ಲೇಯರ್?

ಹೋದ ಮಳೆಗಾಲದಲ್ಲಿ ಸಾಗರದ ನಮ್ಮ ಮನೆಗೆ ಹೊಸ ಟಿವಿ ಬಂದಿತು. ಗೋಡೆಗೆ ಅಂಟಿಕೊಂಡ ಅದರ ಹಿಂದೆ ಕೈ ಹಾಕಿ ಎಷ್ಟು ತಡಕಿದರೂ ಹಳದಿ, ಕೆಂಪು, ಬಿಳಿಯ ಮೂರು ತೂತುಗಳು ಸಿಗಲಿಲ್ಲ. ಹಳೆಯ ಡಿವಿಡಿ ಪ್ಲೇಯರ್‌ನ ತಂತಿಗಳು ಕೈಯಲ್ಲೇ ಉಳಿದವು. ಅಮ್ಮ ಕೇಳಿದ್ದು ಒಂದೇ ಮಾತು: "ಹಾಗಾದರೆ ಇನ್ನು ಅಪ್ಪನ ತಾಳಮದ್ದಲೆ ನೋಡುವ ಹಾಗಿಲ್ಲವೇ?" ಅಪ್ಪ ಕರ್ಣನ ಅರ್ಥ ಹೇಳಿದ ಒಂದು ರಾತ್ರಿಯನ್ನು ಊರಿನವರೊಬ್ಬರು ಚಿತ್ರೀಕರಿಸಿ ಎರಡು ಡಿವಿಡಿಗಳಲ್ಲಿ ಕೊಟ್ಟಿದ್ದರು. ಅಪ್ಪ ತೀರಿಕೊಂಡ ಮೇಲೆ ಅವರ ದನಿ ಉಳಿದಿರುವುದು ಆ ಎರಡು ಡಿಸ್ಕ್‌ಗಳಲ್ಲಿ ಮಾತ್ರ. ಅವುಗಳಿಗಾಗಿ ನಾನು ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದೆ. ಮನೆಯಲ್ಲಿ ಮದುವೆಯ, ಉಪನಯನದ, ಯಕ್ಷಗಾನದ ಡಿಸ್ಕ್‌ಗಳನ್ನು ಇಟ್ಟುಕೊಂಡಿರುವವರಿಗೆ ನನ್ನ ಅಲೆದಾಟ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಅಂಗಡಿಗೆ ಹೊರಡುವ ಮೊದಲು ಕಪಾಟಿನ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳಿ. ಯಾವ ಪ್ಲೇಯರ್ ಚೆನ್ನಾಗಿದೆ ಎಂದು ಅಂಗಡಿಯವರು ಹೇಳಬಲ್ಲರು, ನಿಮ್ಮ ಡಬ್ಬಿಯಲ್ಲಿ ಏನಿದೆ ಎಂದು ಹೇಳಲಾರರು. ನಮ್ಮಲ್ಲಿ ಎಲ್ಲವನ್ನೂ 'ಸಿಡಿ' ಎಂದೇ ಕರೆಯುವುದು ರೂಢಿ. ಆದರೆ ಒಂದೇ ಡಬ್ಬಿಯಲ್ಲಿ ಎರಡು ಮೂರು ಜಾತಿಯವು ಬೆರೆತಿರುತ್ತವೆ. ವಿಸಿಡಿಯಲ್ಲಿ, ಅಂದರೆ ವಿಡಿಯೊ ಸಿಡಿಯಲ್ಲಿ, ಸುಮಾರು 74 ನಿಮಿಷದ ಚಿತ್ರ ಹಿಡಿಯುತ್ತದೆ. ಒಂದು ಸಿನಿಮಾಕ್ಕೆ ಎರಡು ಮೂರು ಡಿಸ್ಕ್ ಬರುತ್ತಿದ್ದುದು ಅದಕ್ಕೇ. ಅದರ ಚಿತ್ರ 352 ಅಡ್ಡ, 288 ಉದ್ದ ಚುಕ್ಕೆಗಳದ್ದು. ಡಿವಿಡಿಯದು 720 ಮತ್ತು 576, ಅಂದರೆ ನಾಲ್ಕು ಪಟ್ಟು ಹೆಚ್ಚು. ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರುತ್ತಿದ್ದ ಕಾಲದಲ್ಲಿ ಕೊಂಡವರ ಮನೆಯಲ್ಲಿ ಎರಡೂ ರಾಶಿ ಬಿದ್ದಿರುತ್ತವೆ. ಮೂರನೆಯದು, ಕಂಪ್ಯೂಟರ್‌ನಿಂದ ಕಡತಗಳನ್ನು ಹಾಗೆಯೇ ಬರೆದುಕೊಂಡ ಡಿಸ್ಕ್: ಎಂಪಿ3 ಹಾಡುಗಳು, ಮೊಬೈಲ್ ಕ್ಯಾಮೆರಾದ ವಿಡಿಯೊಗಳು.

ಈಗ ಪ್ರತಿಯೊಂದನ್ನೂ ಬೋರಲು ಮಾಡಿ ನೋಡಿ. ತಳ ಬೆಳ್ಳಿಯ ಹಾಗೆ ಹೊಳೆದರೆ ಅದು ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದು. ನೇರಳೆ, ನೀಲಿ ಅಥವಾ ಹಸಿರು ಛಾಯೆ ಕಂಡರೆ ಸ್ಟುಡಿಯೋದಲ್ಲೋ ಮನೆಯಲ್ಲೋ ಬರೆದದ್ದು. ಈ ಭೇದ ಬಹಳ ಮುಖ್ಯ. ಅಚ್ಚೊತ್ತಿದ ಡಿಸ್ಕ್‌ನಲ್ಲಿ ಮಾಹಿತಿ ಗುಳಿಗಳ ರೂಪದಲ್ಲಿರುತ್ತದೆ, ಬರೆದ ಡಿಸ್ಕ್‌ನಲ್ಲಿ ಬಣ್ಣದ ಪದರದಲ್ಲಿರುತ್ತದೆ. ಆ ಬಣ್ಣ ಬಿಸಿಲಿಗೆ, ಶಾಖಕ್ಕೆ, ವಯಸ್ಸಿಗೆ ಮಾಸುತ್ತದೆ. ಸಿನಿಮಾದ ಡಿಸ್ಕ್ ಹಾಳಾದರೆ ಆ ಸಿನಿಮಾ ಬೇರೆಲ್ಲಾದರೂ ಸಿಕ್ಕೀತು. ನೇರಳೆ ತಳದವು ನಿಮ್ಮ ಮನೆಯಲ್ಲಿ ಮಾತ್ರ ಇರುವಂಥವು, ಮೊದಲು ಹೋಗುವವೂ ಅವೇ. ಆದ್ದರಿಂದ ಪ್ಲೇಯರ್ ಆರಿಸುವಾಗ ಮೊದಲ ಪ್ರಶ್ನೆ 'ಚಿತ್ರ ಎಷ್ಟು ಚೆನ್ನಾಗಿ ಕಾಣುತ್ತದೆ' ಎಂಬುದಲ್ಲ, 'ನನ್ನ ನೇರಳೆ ಡಿಸ್ಕ್‌ಗಳನ್ನು ಇದು ಓದುತ್ತದೆಯೇ' ಎಂಬುದು.

ಹಳೆಯ ಪೆಟ್ಟಿಗೆಯನ್ನೇ ಉಳಿಸಿಕೊಂಡರೆ

ಇರುವ ಪ್ಲೇಯರ್ ಡಿಸ್ಕ್‌ಗಳನ್ನು ಚೆನ್ನಾಗಿ ಓದುತ್ತಿದ್ದರೆ ಅದನ್ನು ಎಸೆಯಬೇಡಿ. ಹಳೆಯವುಗಳಲ್ಲಿ ಅನೇಕವು ವಿಸಿಡಿಯನ್ನೂ ಬರೆದ ಡಿಸ್ಕ್‌ಗಳನ್ನೂ ಗೊಣಗದೆ ನುಂಗುತ್ತವೆ. ತೊಡಕು ಇರುವುದು ಟಿವಿಗೆ ಜೋಡಿಸುವುದರಲ್ಲಿ.

ಮೊದಲು ಟಿವಿಯ ಬದಿಯಲ್ಲಿ 'ಎವಿ ಇನ್' ಎಂದು ಬರೆದ, ಇಯರ್‌ಫೋನ್ ತೂತಿನಂಥ ಒಂದು ಚಿಕ್ಕ ತೂತು ಇದೆಯೇ ನೋಡಿ. ಹೊಸ ಟಿವಿಗಳಲ್ಲಿ ಅನೇಕವು ಮೂರು ತೂತುಗಳನ್ನು ಈ ಒಂದರೊಳಗೆ ಅಡಗಿಸಿವೆ. ಅದಕ್ಕೆ ಹೊಂದುವ ಗಿಡ್ಡ ತಂತಿ ಟಿವಿಯ ಡಬ್ಬಿಯಲ್ಲೇ ಇರಬಹುದು. ಹೊರಗೆ ಕೊಳ್ಳುವುದಾದರೆ ಎಚ್ಚರ: ನೋಡಲು ಒಂದೇ ತೆರನಾದ ಈ ತಂತಿಗಳ ಒಳಜೋಡಣೆ ಎಲ್ಲ ಕಂಪನಿಗಳಲ್ಲೂ ಒಂದೇ ಅಲ್ಲ. ಚಿತ್ರ ಬರದೆ ಬರೀ ಗುಂಯ್ ಎಂಬ ಶಬ್ದ ಬಂದರೆ ಪ್ಲೇಯರ್ ಕೆಟ್ಟಿದೆ ಎಂದುಕೊಳ್ಳಬೇಡಿ, ತಂತಿ ಬದಲಿಸಿ ನೋಡಿ. ಇನ್ನು ಕೆಲವು ಟಿವಿಗಳಲ್ಲಿ ಹಸಿರು, ನೀಲಿ, ಕೆಂಪು ತೂತುಗಳಿದ್ದು ಹಳದಿ ಇರುವುದಿಲ್ಲ. ಅಲ್ಲಿ ಹಸಿರೇ ಹಳದಿಯ ಕೆಲಸವನ್ನೂ ಮಾಡುವುದುಂಟು. ತೂತಿನ ಪಕ್ಕದಲ್ಲಿ 'ವಿಡಿಯೊ' ಎಂದೂ ಬರೆದಿದ್ದರೆ ಹಳದಿ ಪಿನ್ನನ್ನು ಅದಕ್ಕೇ ಹಾಕಿ.

ಯಾವುದೂ ಇಲ್ಲದಿದ್ದರೆ ಹಳದಿ-ಕೆಂಪು-ಬಿಳಿಯಿಂದ ಎಚ್‌ಡಿಎಂಐಗೆ (ಹೊಸ ಟಿವಿಗಳಲ್ಲಿರುವ ಚಪ್ಪಟೆ ತೂತು) ಬದಲಿಸುವ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಕೂಡಲೇ ಕೈಗಿಡುತ್ತಾರೆ. ನಾನು ಮೊದಲ ಸಲ ತಂದದ್ದು ಉಲ್ಟಾ ಪೆಟ್ಟಿಗೆ, ಎಚ್‌ಡಿಎಂಐಯಿಂದ ಹಳದಿ ಪಿನ್ನಿಗೆ ಬದಲಿಸುವಂಥದ್ದು. ಎರಡೂ ಅವಳಿ ಮಕ್ಕಳ ಹಾಗಿರುತ್ತವೆ. 'ಇನ್' ಎಂಬ ಅಕ್ಷರ ಮೂರು ಬಣ್ಣದ ತೂತುಗಳ ಕಡೆ ಇರಬೇಕು, 'ಔಟ್' ಎಂಬುದು ಎಚ್‌ಡಿಎಂಐ ಕಡೆ. ಅದಕ್ಕೆ ಕರೆಂಟ್ ಕೂಡ ಬೇಕು. ಟಿವಿಯ ಯುಎಸ್‌ಬಿ ತೂತಿನಿಂದ ಅಥವಾ ಮೊಬೈಲ್ ಚಾರ್ಜರ್‌ನಿಂದ ಕೊಡಬಹುದು.

ಚಿತ್ರದ ಬಗ್ಗೆ ಹೆಚ್ಚು ನಿರೀಕ್ಷೆ ಬೇಡ. ಹಳದಿ ತಂತಿಯಲ್ಲಿ ಬೆಳಕು, ಬಣ್ಣ ಎರಡೂ ಒಂದಾಗಿ ಕಲಸಿಕೊಂಡು ಬರುತ್ತವೆ. ಟಿವಿ ಅವನ್ನು ಮತ್ತೆ ಬೇರ್ಪಡಿಸುವಾಗ ಸೀರೆಯ ಅಂಚಿನಲ್ಲಿ ಬಣ್ಣ ಚೆಲ್ಲಿದ ಹಾಗೆ, ವೇಷದ ಕಿರೀಟದ ಕುಸುರಿಯಲ್ಲಿ ಚುಕ್ಕೆಗಳು ಹರಿದಾಡಿದ ಹಾಗೆ ಕಾಣುತ್ತದೆ. ಹಳೆಯ ಟಿವಿಯ ಪುಟ್ಟ ಪರದೆಯಲ್ಲಿ ಇದು ಮರೆಯಾಗುತ್ತಿತ್ತು, 43 ಇಂಚಿನಲ್ಲಿ ಮರೆಯಾಗುವುದಿಲ್ಲ. ಪ್ಲೇಯರ್‌ನಲ್ಲೂ ಟಿವಿಯಲ್ಲೂ ಹಸಿರು, ನೀಲಿ, ಕೆಂಪು ತೂತುಗಳು ಇದ್ದರೆ ಅವನ್ನೇ ಬಳಸಿ, ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ. ಆಗ ಕೆಂಪು ಪಿನ್ನುಗಳು ಎರಡಾಗುತ್ತವೆ, ಒಂದು ಚಿತ್ರದ್ದು, ಒಂದು ಧ್ವನಿಯದ್ದು. ಅದಲುಬದಲಾದರೆ ಮುಖಗಳೆಲ್ಲ ಹಸಿರಾಗುತ್ತವೆ.

ಎಚ್‌ಡಿಎಂಐ ಇರುವ ಡಿವಿಡಿ ಪ್ಲೇಯರ್

ಹಿರಿಯರಿರುವ ಮನೆಗೆ ನನ್ನ ಆಯ್ಕೆ ಇದೇ. ಒಂದೇ ತಂತಿಯಲ್ಲಿ ಚಿತ್ರ, ಧ್ವನಿ ಎರಡೂ ಹೋಗುತ್ತವೆ, ಬಣ್ಣ ಗುರುತಿಸುವ ಗೊಂದಲವಿಲ್ಲ, ಅಂಚುಗಳು ಸ್ವಚ್ಛವಾಗಿರುತ್ತವೆ. ಕೊಳ್ಳುವಾಗ ಪೆಟ್ಟಿಗೆಯ ಹಿಂಭಾಗವನ್ನು ಕಣ್ಣಾರೆ ನೋಡಿ. ಯುಎಸ್‌ಬಿ ಇದ್ದ ಮಾತ್ರಕ್ಕೆ ಎಚ್‌ಡಿಎಂಐ ಇರಬೇಕೆಂದಿಲ್ಲ. ನಿಮ್ಮ ಒಂದು ವಿಸಿಡಿ, ಒಂದು ನೇರಳೆ ಡಿಸ್ಕ್ ಅಂಗಡಿಗೆ ಕೊಂಡೊಯ್ದು ಹಾಕಿಸಿ ನೋಡಿ. ನೋಡಗೊಡದ ಅಂಗಡಿಯಲ್ಲಿ ಕೊಳ್ಳಬೇಡಿ.

'1080ಕ್ಕೆ ಏರಿಸುತ್ತದೆ' ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಡಿವಿಡಿಯ ಒಂದು ಚಿತ್ರದಲ್ಲಿರುವುದು ಸುಮಾರು 4.15 ಲಕ್ಷ ಚುಕ್ಕೆ, 1080ರ ಪರದೆಯಲ್ಲಿರುವುದು ಸುಮಾರು 20.7 ಲಕ್ಷ. ಐದರಲ್ಲಿ ನಾಲ್ಕು ಪಾಲನ್ನು ಯಂತ್ರ ಊಹಿಸಿ ತುಂಬುತ್ತದೆ. ಆ ಊಹೆಯನ್ನು ಟಿವಿಯೂ ಮಾಡಬಲ್ಲದು, ಒಳ್ಳೆಯ ಟಿವಿಯಾದರೆ ಅಗ್ಗದ ಪ್ಲೇಯರ್‌ಗಿಂತ ಚೆನ್ನಾಗಿಯೇ ಮಾಡುತ್ತದೆ. ಹಾಗಾಗಿ ಆ ಬರಹಕ್ಕೆ ಹೆಚ್ಚು ಹಣ ಕೊಡಬೇಡಿ. ಸೆಟಪ್‌ನಲ್ಲಿ ಒಮ್ಮೆ 576, ಒಮ್ಮೆ 1080 ಇಟ್ಟು ಒಂದೇ ದೃಶ್ಯವನ್ನು ನೋಡಿ, ಕಣ್ಣಿಗೆ ಹಿತವಾದುದನ್ನು ಉಳಿಸಿಕೊಳ್ಳಿ. ನಮ್ಮ ಮನೆಯಲ್ಲಿ 576 ಗೆದ್ದಿತು.

ಬ್ಲೂ-ರೇ ಪ್ಲೇಯರ್, ಆಟದ ಪೆಟ್ಟಿಗೆ

ಬ್ಲೂ-ರೇ ಪ್ಲೇಯರ್ ಡಿವಿಡಿಯನ್ನೂ ಓದುತ್ತದೆ, ಚಿತ್ರವೂ ಚೆನ್ನಾಗಿರುತ್ತದೆ. ಆದರೆ ಬೆಲೆ ಬಹಳ ಹೆಚ್ಚು. ಅದಕ್ಕಿಂತ ದೊಡ್ಡ ಕೊರತೆ, ವಿಸಿಡಿಯನ್ನು ಎಲ್ಲ ಬ್ಲೂ-ರೇ ಪ್ಲೇಯರ್‌ಗಳೂ ಓದುವುದಿಲ್ಲ. ಕನ್ನಡದ ಮನೆಯ ಕಪಾಟಿನಲ್ಲಿ ಬ್ಲೂ-ರೇ ಡಿಸ್ಕ್ ಇರುವುದು ಅಪರೂಪ, ವಿಸಿಡಿ ಇಲ್ಲದಿರುವುದು ಅಪರೂಪ. ಹೊಸ ಬ್ಲೂ-ರೇ ಡಿಸ್ಕ್‌ಗಳನ್ನು ಕೊಂಡು ನೋಡುವ ಸಿನಿಮಾಪ್ರಿಯರಾದರೆ ಸರಿ, ಉಳಿದವರಿಗೆ ಬೇಡ. ಮಕ್ಕಳ ಪ್ಲೇಸ್ಟೇಷನ್ 5ರಲ್ಲಿ ಡಿಸ್ಕ್ ಬಾಯಿ ಇದ್ದರೆ ಡಿವಿಡಿ ಓಡುತ್ತದೆ, ಆಡಿಯೊ ಸಿಡಿ ಓಡುವುದಿಲ್ಲ. ಅಜ್ಜಿಯ ಕೈಗೆ ಆಟದ ಕಂಟ್ರೋಲರ್ ಕೊಟ್ಟು ಸಿನಿಮಾ ಹಾಕಿಕೋ ಎನ್ನುವುದು ನ್ಯಾಯವಲ್ಲ.

ಕಂಪ್ಯೂಟರ್‌ಗೆ ಹೊರಗಿನ ಡ್ರೈವ್

ಯುಎಸ್‌ಬಿ ತಂತಿಯ ತೆಳ್ಳಗಿನ ಡಿವಿಡಿ ಡ್ರೈವ್ ಅನ್ನು ಟಿವಿಯ ಯುಎಸ್‌ಬಿಗೇ ಚುಚ್ಚಿದರಾಯಿತು ಎಂದುಕೊಂಡು ಅನೇಕರು ಕೊಳ್ಳುತ್ತಾರೆ. ಆಗುವುದಿಲ್ಲ. ಟಿವಿಗಳು ಪೆನ್‌ಡ್ರೈವ್ ಗುರುತಿಸುತ್ತವೆ, ಡಿಸ್ಕ್ ಡ್ರೈವ್ ಗುರುತಿಸುವುದಿಲ್ಲ. ಅದಕ್ಕೆ ಲ್ಯಾಪ್‌ಟಾಪ್ ಬೇಕೇ ಬೇಕು. ಉಚಿತವಾಗಿ ಸಿಗುವ ವಿಎಲ್‌ಸಿ ತಂತ್ರಾಂಶ ಡಿವಿಡಿ, ವಿಸಿಡಿ ಎರಡನ್ನೂ ತೋರಿಸುತ್ತದೆ. ದಿನವೂ ನೋಡಲು ಈ ದಾರಿ ತ್ರಾಸದಾಯಕ. ಆದರೆ ನಕಲು ತೆಗೆದಿಡಲು ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಆ ಮಾತನ್ನು ಕೊನೆಗೆ ಹೇಳುತ್ತೇನೆ.

ಪರದೆಯೂ ಪ್ಲೇಯರೂ ಒಟ್ಟಿಗೇ ಇರುವ ಪುಟ್ಟ ಪೋರ್ಟಬಲ್ ಪ್ಲೇಯರ್‌ಗಳನ್ನು ಹಾಸಿಗೆ ಹಿಡಿದವರಿಗೆ ಮಾತ್ರ ಸೂಚಿಸುತ್ತೇನೆ. ಬ್ಯಾಟರಿ ಬೇಗ ಸೋಲುತ್ತದೆ.

ಒಮ್ಮೆ ಕುಳಿತು ಮಾಡಿಡಬೇಕಾದ ಹೊಂದಿಕೆಗಳು

ಹೆಚ್ಚಿನವರು ತಂತಿ ಸಿಕ್ಕಿಸಿ, ಟಿವಿಯಲ್ಲಿ 'ಸೋರ್ಸ್' ಒತ್ತಿ ಎಚ್‌ಡಿಎಂಐ 1 ಅಥವಾ 2 ಆರಿಸಿ, ಚಿತ್ರ ಬಂದ ಕೂಡಲೇ ಎದ್ದುಬಿಡುತ್ತಾರೆ. ಇನ್ನು ಹತ್ತು ನಿಮಿಷ ಕುಳಿತರೆ ವರ್ಷಗಟ್ಟಲೆ ನೆಮ್ಮದಿ. ಡಿಸ್ಕ್ ಇಲ್ಲದಿರುವಾಗ ಪ್ಲೇಯರ್‌ನ ರಿಮೋಟ್‌ನಲ್ಲಿ 'ಸೆಟಪ್' ಒತ್ತಿ. ಕೆಲವು ಆಯ್ಕೆಗಳು ಡಿಸ್ಕ್ ಓಡುತ್ತಿರುವಾಗ ತೆರೆದುಕೊಳ್ಳುವುದಿಲ್ಲ.

'ಟಿವಿ ಟೈಪ್' ಎಂಬಲ್ಲಿ 16:9 ಇರಲಿ. ಬಹಳಷ್ಟು ಪ್ಲೇಯರ್‌ಗಳು ಹಳೆಯ ಟಿವಿಗೆಂದು 4:3 ಎಂದೇ ಹೊಂದಿಸಿಕೊಂಡಿರುತ್ತವೆ. ಹಾಗೆ ಬಿಟ್ಟರೆ ಅಗಲದ ಸಿನಿಮಾ ನಾಲ್ಕೂ ಕಡೆ ಕಪ್ಪು ಚೌಕಟ್ಟಿನೊಳಗೆ ಕುಗ್ಗುತ್ತದೆ. 'ಪ್ಯಾನ್ ಸ್ಕ್ಯಾನ್' ಅಂತೂ ಅಕ್ಕಪಕ್ಕ ನಿಂತವರನ್ನು ಕತ್ತರಿಸಿಯೇ ಬಿಡುತ್ತದೆ. ಇದಕ್ಕೆ ವಿರುದ್ಧದ ತಪ್ಪು, 1990ರ ದಶಕದ ಮದುವೆಯ ಚೌಕ ಚಿತ್ರವನ್ನು ಟಿವಿಯ ರಿಮೋಟ್‌ನಿಂದ ಎಳೆದು ಪರದೆ ತುಂಬಿಸುವುದು. ಮದುಮಗಳು ಅಗಲವಾಗುತ್ತಾಳೆ, ಕಳಶ ಚಪ್ಪಟೆಯಾಗುತ್ತದೆ. ಎರಡು ಬದಿಯಲ್ಲಿ ಕಪ್ಪು ಪಟ್ಟಿ ಇರಲಿ ಬಿಡಿ. ಅಪ್ಪನ ಮುಖ ಅಪ್ಪನ ಮುಖದ ಹಾಗೇ ಕಾಣುವುದು ನನಗೆ ಪರದೆ ತುಂಬುವುದಕ್ಕಿಂತ ದೊಡ್ಡದು.

'ಟಿವಿ ಸಿಸ್ಟಮ್' ಎಂಬಲ್ಲಿ 'ಮಲ್ಟಿ' ಅಥವಾ 'ಆಟೋ' ಇಡಿ. ಭಾರತದ ಪದ್ಧತಿ ಪಾಲ್, ಸೆಕೆಂಡಿಗೆ 25 ಚಿತ್ರ. ಅಮೆರಿಕದ್ದು ಎನ್‌ಟಿಎಸ್‌ಸಿ, ಸುಮಾರು 30 ಚಿತ್ರ. ನಮ್ಮ ಸ್ಟುಡಿಯೋಗಳ ಮದುವೆ ಡಿಸ್ಕ್‌ಗಳು ಸಾಮಾನ್ಯವಾಗಿ ಪಾಲ್. ಆದರೆ ಸಿನಿಮಾ ಡಿವಿಡಿಗಳಲ್ಲಿ ಅನೇಕವನ್ನು ಹೊರದೇಶದಲ್ಲೂ ಮಾರಲೆಂದು ಎನ್‌ಟಿಎಸ್‌ಸಿಯಲ್ಲಿ ಮಾಡಿದ್ದರು. 'ಪಾಲ್' ಎಂದೇ ಕಟ್ಟಿಹಾಕಿದರೆ ಅಂಥವುಗಳಲ್ಲಿ ಚಲನೆ ತಡವರಿಸುತ್ತದೆ.

ಚಿತ್ರ ಬಂದು ಧ್ವನಿ ಬರದಿದ್ದರೆ 'ಡಿಜಿಟಲ್ ಔಟ್' ಅಥವಾ 'ಎಚ್‌ಡಿಎಂಐ ಆಡಿಯೊ' ಎಂಬಲ್ಲಿ 'ಪಿಸಿಎಂ' ಆರಿಸಿ. ಅದರಿಂದಲೂ ಆಗದಿದ್ದರೆ ಡಿಸ್ಕ್‌ನ ಧ್ವನಿ ಡಿಟಿಎಸ್ ಎಂಬ ಬಗೆಯದ್ದಿರಬಹುದು, ಅಗ್ಗದ ಪ್ಲೇಯರ್‌ಗಳು ಅದನ್ನು ಬಿಡಿಸಲಾರವು. ರಿಮೋಟ್‌ನ 'ಆಡಿಯೊ' ಗುಂಡಿ ಒತ್ತಿ ಡಾಲ್ಬಿ ಅಥವಾ ಸ್ಟೀರಿಯೊ ಜಾಡಿಗೆ ಬದಲಿಸಿ. ಹಳೆಯ ದಪ್ಪ ಟಿವಿ ಬಳಸುವವರು 'ಪ್ರೊಗ್ರೆಸಿವ್' ಎಂಬ ಆಯ್ಕೆಯನ್ನು ಮುಟ್ಟಲೇಬೇಡಿ. ಪರದೆ ಕಪ್ಪಾಗಿಬಿಟ್ಟರೆ ಮೆನುವೂ ಕಾಣುವುದಿಲ್ಲ, ಹಿಂದಿರುಗುವ ದಾರಿ ಕೈಪಿಡಿಯಲ್ಲಷ್ಟೇ ಇರುತ್ತದೆ.

ಅಮ್ಮನಿಗೆ ನಾನು ಕಲಿಸಿದ್ದು ಎರಡೇ ವಿಷಯ. 'ಸ್ಟಾಪ್' ಒಮ್ಮೆ ಒತ್ತಿದರೆ ಪ್ಲೇಯರ್ ಜಾಗ ನೆನಪಿಡುತ್ತದೆ, ಮತ್ತೆ 'ಪ್ಲೇ' ಒತ್ತಿದರೆ ಅಲ್ಲಿಂದಲೇ ಶುರು. ಎರಡು ಸಲ ಒತ್ತಿದರೆ ಮರೆತು ಮೊದಲಿನಿಂದ ಆರಂಭಿಸುತ್ತದೆ. ಮತ್ತೊಂದು, ವಿಸಿಡಿ ಹಠ ಮಾಡಿ ಮುಂದೆ ಹೋಗದಿದ್ದರೆ 'ಪಿಬಿಸಿ' (ವಿಸಿಡಿಯ ಸ್ವಂತ ಮೆನು) ಗುಂಡಿ ಒತ್ತಿ ಅದನ್ನು ಆಫ್ ಮಾಡಬೇಕು.

ಊರಿನ ಡಿಸ್ಕ್, ಪರದೇಶದ ಟಿವಿ

ಸಿನಿಮಾ ಡಿವಿಡಿಗಳಿಗೆ ವಲಯದ ಬೀಗ ಇರುತ್ತದೆ. ಭಾರತ 5ನೆಯ ವಲಯ, ಅಮೆರಿಕ 1, ಯುರೋಪ್ ಮತ್ತು ಕೊಲ್ಲಿ ದೇಶಗಳು 2, ಸಿಂಗಪುರ 3, ಆಸ್ಟ್ರೇಲಿಯಾ 4. ಡಬ್ಬಿಯ ಹಿಂದೆ ಭೂಗೋಳದ ಚಿತ್ರದೊಳಗೆ ಅಂಕಿ ಇರುತ್ತದೆ. 'ಆಲ್' ಎಂದಿದ್ದರೆ ಎಲ್ಲಿಯೂ ಓಡುತ್ತದೆ. ನಮ್ಮ ಭಾಷೆಗಳ ಸಿನಿಮಾಗಳಲ್ಲಿ ಬಹಳಷ್ಟು ಹೀಗೆ ಮುಕ್ತವಾಗಿಯೇ ಬಂದವು.

ಸ್ಟುಡಿಯೋ ಬರೆದುಕೊಟ್ಟ ಮದುವೆ ಡಿಸ್ಕ್‌ಗೆ ವಲಯದ ಬೀಗ ಇರುವುದಿಲ್ಲ. ಆದರೂ ಮೈಸೂರಿನಲ್ಲಿ ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದವರು ಅಲ್ಲಿನ ಪ್ಲೇಯರ್‌ಗೆ ಅದನ್ನು ಹಾಕಿದರೆ ಚಿತ್ರ ಬರುವುದಿಲ್ಲ. ಕಾರಣ ಪಾಲ್. ಅಮೆರಿಕದಲ್ಲಿ ಮಾರುವ ಸಾಮಾನ್ಯ ಪ್ಲೇಯರ್‌ಗಳು ಎನ್‌ಟಿಎಸ್‌ಸಿಯನ್ನು ಮಾತ್ರ ಬಲ್ಲವು. ಅಲ್ಲಿರುವವರು ಎಲ್ಲ ವಲಯಗಳನ್ನೂ ಎರಡೂ ಪದ್ಧತಿಗಳನ್ನೂ ಓದುವ ಪ್ಲೇಯರ್ ಕೇಳಿ ಕೊಳ್ಳಬೇಕು, ಇಲ್ಲವೇ ಲ್ಯಾಪ್‌ಟಾಪ್ ಬಳಸಬೇಕು. ಕಂಪ್ಯೂಟರ್‌ಗೆ ಪಾಲ್-ಎನ್‌ಟಿಎಸ್‌ಸಿ ಭೇದವೇ ಇಲ್ಲ. ಆದರೆ ಡ್ರೈವ್‌ನ ವಲಯವನ್ನು ಐದು ಸಲ ಮಾತ್ರ ಬದಲಿಸಬಹುದು, ಐದನೆಯದೇ ಖಾಯಂ. ಕೇಳಿದಾಗಲೆಲ್ಲ 'ಸರಿ' ಒತ್ತಬೇಡಿ. ಅಮೆರಿಕದಿಂದ ಪ್ಲೇಯರ್ ತರುವವರು ಹಿಂದೆ '100-240' ಎಂದು ಬರೆದಿದೆಯೇ ನೋಡಿ. 120 ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟ್‌ಗೆ ಅದು ಸುಟ್ಟುಹೋಗುತ್ತದೆ.

'ನೋ ಡಿಸ್ಕ್' ಎಂದಾಗ

ಮಲೆನಾಡಿನಲ್ಲಿ ಮೊದಲ ಅನುಮಾನ ತೇವದ ಮೇಲೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಟ್ಟದ ಪ್ಲೇಯರ್‌ನ ಲೆನ್ಸ್ ಮೇಲೆ ಮಂಜು ಕಟ್ಟುತ್ತದೆ. ಡಿಸ್ಕ್ ಹಾಕದೆ ಒಂದೆರಡು ಗಂಟೆ ಆನ್ ಮಾಡಿಟ್ಟು ಮತ್ತೆ ಪ್ರಯತ್ನಿಸಿ. ಬಳಿಕ ಡಿಸ್ಕ್ ಒರೆಸಿ, ಮೆತ್ತನೆಯ ಹತ್ತಿ ಬಟ್ಟೆಯಿಂದ, ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತಲೂ ಒರೆಸಿದರೆ ಗೀರು ಜಾಡಿನ ಉದ್ದಕ್ಕೇ ಬೀಳುತ್ತದೆ, ಅದನ್ನು ಯಂತ್ರ ದಾಟಲಾರದು. ವಿಸಿಡಿಯಲ್ಲಿ ಮಾಹಿತಿ ಇರುವುದು ಮೇಲಿನ ಲೇಬಲ್‌ಗೆ ಅಂಟಿಕೊಂಡು. ಹೆಸರು ಬರೆದ ಬದಿಯೇ ಹೆಚ್ಚು ನಾಜೂಕು, ಬಾಲ್‌ಪೆನ್ ತಾಗಿಸಬಾರದು. ಡಿವಿಡಿಯಲ್ಲಿ 0.6 ಮಿಲಿಮೀಟರ್‌ನ ಎರಡು ಬಿಲ್ಲೆಗಳ ನಡುವೆ ಅದು ಸುರಕ್ಷಿತವಾಗಿರುತ್ತದೆ. ಕಾಗದದ ಚೀಟಿ ಅಂಟಿಸಿದ ಡಿಸ್ಕ್ ತಿರುಗುವಾಗ ಅದುರಿದರೆ ಚೀಟಿ ಕೀಳಲು ಹೋಗಬೇಡಿ, ಪದರವೇ ಕಿತ್ತು ಬರಬಹುದು.

ಬರೆದ ಯಂತ್ರದಲ್ಲಿ ಓಡಿ ಬೇರೆಲ್ಲೂ ಓಡದ ಡಿಸ್ಕ್ ಆದರೆ ಅದನ್ನು 'ಫೈನಲೈಸ್' ಮಾಡಿರುವುದಿಲ್ಲ, ಅಂದರೆ ಬರೆದು ಮುಗಿಸಿ ಮುಚ್ಚಿರುವುದಿಲ್ಲ. ಬರೆದವರ ಬಳಿಗೇ ಒಯ್ಯಬೇಕು.

ಇನ್ನು ನಕಲಿನ ಮಾತು. ಕೊಂಡ ಸಿನಿಮಾಗಳ ಬೀಗ ಒಡೆಯುವುದು ಕಾನೂನಿನ ತೊಡಕಿನ ವಿಷಯ, ಅದನ್ನು ಹೇಳುತ್ತಿಲ್ಲ. ಮನೆಯ ಡಿಸ್ಕ್‌ಗಳಿಗೆ ಬೀಗವಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ತೆರೆದರೆ 'ವಿಡಿಯೊ ಟಿಎಸ್' ಎಂಬ ಫೋಲ್ಡರ್ ಕಾಣುತ್ತದೆ. ಅದರೊಳಗೆ ಒಂದೊಂದು ಜಿಬಿಯ ತುಂಡುಗಳಿರುತ್ತವೆ. ಇಡೀ ಫೋಲ್ಡರ್ ಅನ್ನು ಹಾಗೆಯೇ ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕ್‌ಗಳಿಗೆ ನಕಲಿಸಿ. ಟಿವಿಯಲ್ಲಿ ಪೆನ್‌ಡ್ರೈವ್‌ನಿಂದ ನೋಡಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಎಂಪಿ4 ಮಾಡಿಕೊಳ್ಳಿ, ಆದರೆ ಮೂಲ ಫೋಲ್ಡರ್ ಅಳಿಸಬೇಡಿ. ಒಂದು ಡ್ರೈವ್ ಓದದ ಡಿಸ್ಕ್ ಅನ್ನು ಇನ್ನೊಂದು ಓದುವುದುಂಟು, ಮೂರು ಕಡೆ ಹಾಕಿ ನೋಡುವ ಮೊದಲು ಕೈಬಿಡಬೇಡಿ.

ಅಪ್ಪನ ಮೊದಲ ಡಿಸ್ಕ್ ಪೂರ್ತಿ ಬಂದಿತು. ಎರಡನೆಯದು ಹಳೆಯ ಪ್ಲೇಯರ್‌ನಲ್ಲಿ ಓಡಲೇ ಇಲ್ಲ, ಗೆಳೆಯರೊಬ್ಬರ ಹಳೆಯ ಲ್ಯಾಪ್‌ಟಾಪ್ ಅದನ್ನು ಓದಿತು. ಡಿಸ್ಕ್‌ನ ಬರಹ ನಡುವಿನಿಂದ ಆರಂಭವಾಗಿ ಹೊರಗಿನ ಅಂಚಿನಲ್ಲಿ ಮುಗಿಯುತ್ತದೆ. ನಾವು ಬೆರಳಿನಿಂದ ಹಿಡಿಯುವುದೂ ಆ ಅಂಚನ್ನೇ. ತುಂಬಿದ ಡಿಸ್ಕ್‌ನಲ್ಲಿ ಮೊದಲು ಕೈಕೊಡುವುದು ಕೊನೆಯ ನಿಮಿಷಗಳು. ಕರ್ಣನ ಮಾತುಗಳೆಲ್ಲ ಉಳಿದವು. ಭಾಗವತರು ಮಂಗಳ ಹಾಡುವ ಭಾಗ ಸಿಗಲಿಲ್ಲ.